ಕಾರ್ಖಾನೆಯ ಕೊಳೆನೀರಿಗೊಂದು ರಹದಾರಿ

ಪಟ್ಟಣದಲ್ಲಿ ವಾಸಿಸುವ ನಾವು ಮನೆಯೊಳಕ್ಕೆ ಬರುವ ನೀರಿನ ವಿಷಯದಲ್ಲಿ ತೋರುವ ಎಚ್ಚರವನ್ನು ಮನೆಯಿಂದ ಹೊರಕ್ಕೆ ಹೋಗುವ ನೀರಿನ ವಿಷಯದಲ್ಲಿ ತೋರುವುದಿಲ್ಲ. ಬರುವ ನೀರು ಯಾವ ಹೊಳೆಯದು, ಅದನ್ನು ಸೋಸಿದ್ದಾರೆಯೆ, ಅದಕ್ಕೆ ಕ್ಲೋರಿನ್ ಬೆರೆಸಿದ್ದಾರೆಯೆ, ತಿಂಗಳಿಗೆ ಎಷ್ಟು ಹಣ ತೆರಬೇಕು ಎಂಬುದನ್ನೆಲ್ಲ ವಿಚಾರಿಸುತ್ತೇವೆ. ಬಚ್ಚಲಿನ ತೂಬನ್ನು ದಾಟಿದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರೇ ಇಲ್ಲ. ಮನೆಗಳ ಮಟ್ಟಿಗೆ ಈ ಉದಾಸೀನ ಹೇಗೋ ನಡೆದುಹೋಗುತ್ತದೆ. ಆದರೆ ಅದೇ ಚರಂಡಿಗೆ ಒಂದು ಕಾರ್ಖಾನೆಯ ಕೊಳವೆಯೂ ಬಂದು ಸೇರಿತೆಂದರೆ ಉದಾಸೀನಕ್ಕೆ ಎಡೆಯಿಲ್ಲ.

ಕಾರ್ಖಾನೆಯೊಂದು ತನ್ನ ಕೊಳೆನೀರನ್ನು ಊರಿನ ಒಳಚರಂಡಿಗೆ ಬಿಡಬೇಕಾದರೆ, ಮೊದಲು ಅದನ್ನು ತನ್ನ ಆವರಣದಲ್ಲಿಯೇ ಒಂದು ಮಟ್ಟಕ್ಕೆ ಶುದ್ಧಿಮಾಡಬೇಕು. ಹಾಗೆ ಮಾಡುವುದಾಗಿ ಒಪ್ಪಿಕೊಂಡು ಅನುಮತಿಪತ್ರವನ್ನು ಪಡೆಯಬೇಕು. ಇಂದು ಅನೇಕ ದೇಶಗಳಲ್ಲಿ ಇದು ಕಾನೂನು. ಈ ಪತ್ರವನ್ನು ಕೊಳೆನೀರಿನ ರಹದಾರಿಯೆಂದು ಕರೆಯಬಹುದು. ಮೇಲುನೋಟಕ್ಕೆ ಇದು ಕಚೇರಿಯ ಕಡತಗಳ ನಡುವೆ ಮತ್ತೊಂದು ಕಾಗದವಷ್ಟೆ. ಆದರೆ ಅದರಲ್ಲಿರುವ ಒಂದೊಂದು ಅಂಕಿಯ ಹಿಂದೆಯೂ ಪ್ರಕೃತಿಯ ಒಂದೊಂದು ನಿಯಮವಿದೆ. ಆ ಅಂಕಿಗಳನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯವೂ ಉಂಟು. ಆ ಸಾಕ್ಷ್ಯದಿಂದಲೇ ಆರಂಭಿಸೋಣ.

ಒಂದೇ ನಗರದ ಎರಡು ಪಾಠಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ ರಾಜ್ಯದಲ್ಲಿ, ಓಹಾಯೋ ನದಿಯ ದಡದ ಮೇಲೆ, ಲೂಯಿವಿಲ್ ಎಂಬ ನಗರವಿದೆ. ೧೯೭೭ರ ಮಾರ್ಚಿ ತಿಂಗಳಲ್ಲಿ ಆ ನಗರದ ಕೊಳೆನೀರಿನ ಶುದ್ಧೀಕರಣಾಗಾರದ ನೌಕರರಿಗೆ ಇದ್ದಕ್ಕಿದ್ದಂತೆ ಕಣ್ಣು ಉರಿಯತೊಡಗಿತು, ಉಸಿರಾಡುವುದು ಕಷ್ಟವಾಯಿತು. ಕೀಟನಾಶಕಗಳ ತಯಾರಿಕೆಗೆ ಉಪಯೋಗಿಸುವ ಕ್ಲೋರಿನ್‌ಯುಕ್ತವಾದ ಉಗ್ರ ರಾಸಾಯನಿಕದ ತ್ಯಾಜ್ಯವನ್ನು ಯಾರೋ ಗುಟ್ಟಾಗಿ ಚರಂಡಿಗೆ ಸುರಿದಿದ್ದರೆಂಬುದು ವಿಚಾರಣೆಯಿಂದ ಹೊರಬಿದ್ದಿತು. ಶುದ್ಧೀಕರಣಾಗಾರವನ್ನು ಮುಚ್ಚಬೇಕಾಯಿತು. ಅದನ್ನು ತೊಳೆದು ಮತ್ತೆ ನಡೆಸುವ ಸ್ಥಿತಿಗೆ ತರಲು ಸುಮಾರು ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ನಗರದ ಕೊಳೆನೀರು, ದಿನಂಪ್ರತಿ ಸುಮಾರು ೧೦ ಕೋಟಿ ಗ್ಯಾಲನ್, ಯಾವ ಶುದ್ಧಿಯೂ ಇಲ್ಲದೆ ನೇರವಾಗಿ ಓಹಾಯೋ ನದಿಗೆ ಹರಿಯಿತು.

ಇದಾದ ನಾಲ್ಕು ವರ್ಷಗಳ ಬಳಿಕ, ೧೯೮೧ರ ಫೆಬ್ರವರಿ ೧೩ರಂದು, ಬೆಳಕು ಹರಿಯುವ ಮುನ್ನ, ಅದೇ ನಗರದ ಬೀದಿಗಳು ಸಿಡಿದೆದ್ದವು. ಎರಡು ಮೈಲಿಗೂ ಮಿಕ್ಕ ಉದ್ದಕ್ಕೆ ಒಳಚರಂಡಿ ಆಸ್ಫೋಟಿಸಿ, ರಸ್ತೆಗಳು ಕುಸಿದು, ದೊಡ್ಡ ದೊಡ್ಡ ಹೊಂಡಗಳಾದವು. ರಾಲ್ಸ್‌ಟನ್ ಪ್ಯೂರಿನಾ ಎಂಬ ಕಂಪನಿಯ ಸೋಯಾ ಅವರೆಯ ಕಾರ್ಖಾನೆಯಿಂದ, ಬೀಜದಲ್ಲಿನ ಎಣ್ಣೆಯನ್ನು ಕರಗಿಸಿ ತೆಗೆಯಲು ಉಪಯೋಗಿಸುವ ಹೆಕ್ಸೇನ್ ಎಂಬ ದ್ರವ ಸಾವಿರಾರು ಗ್ಯಾಲನ್‌ಗಳಷ್ಟು ಚರಂಡಿಗೆ ಸೇರಿತ್ತು. ಮೇಲೆ ಹೋಗುತ್ತಿದ್ದ ಒಂದು ಮೋಟಾರು ಕಾರಿನ ಕಿಡಿ ಅದಕ್ಕೆ ತಗುಲಿತು. ಜನ ಹೆಚ್ಚಾಗಿ ಸಂಚರಿಸದ ಹೊತ್ತಾದುದರಿಂದ ನಾಲ್ವರಿಗೆ ಗಾಯಗಳಾದುದು ಬಿಟ್ಟರೆ ಪ್ರಾಣಹಾನಿಯಾಗಲಿಲ್ಲ. ಚರಂಡಿಗಳನ್ನು ಪುನಃ ಕಟ್ಟಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಕಂಪನಿಯು ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ದಂಡ ತೆತ್ತಿತು.

ನೀರಿನಲ್ಲಿ ಬೆಂಕಿ ಹೇಗೆ ಹೊತ್ತಿತೆಂದು ಓದುಗರು ಕೇಳಬಹುದು. ಹೆಕ್ಸೇನ್ ನೀರಿನಲ್ಲಿ ಬೆರೆಯುವುದಿಲ್ಲ. ನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲುತ್ತ ಹೋಗುತ್ತದೆ. ಅದು ಕುದಿಯುವುದು ೬೯ ಡಿಗ್ರಿ ಸೆಂಟಿಗ್ರೇಡಿನಲ್ಲಾದರೂ, ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡಬಲ್ಲುದು. ಹೆಕ್ಸೇನಿನ ಅಣುಭಾರ ೮೬. ಗಾಳಿಯ ಸರಾಸರಿ ಅಣುಭಾರ ೨೯. ಎಂದರೆ ಅದರ ಆವಿ ಗಾಳಿಗಿಂತ ಸುಮಾರು ಮೂರರಷ್ಟು ಭಾರ. ಬಯಲಿನಲ್ಲಾಗಿದ್ದರೆ ಗಾಳಿ ಅದನ್ನು ಚದರಿಸಿಬಿಡುತ್ತಿತ್ತು. ನೆಲದೊಳಗಿನ ಕೊಳವೆಯಲ್ಲಿ ಅದು ತಗ್ಗಿನಲ್ಲಿಯೇ ನಿಂತು ಮೈಲಿಗಟ್ಟಲೆ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚಾದರೆ ಸಾಕು, ಆ ಮಿಶ್ರಣ ಸ್ಫೋಟಕವಾಗುತ್ತದೆ. ಹೀಗೆ ಊರಿನ ಚರಂಡಿ ಒಂದು ಉದ್ದನೆಯ ಫಿರಂಗಿಯಾಗಿ ಮಾರ್ಪಟ್ಟಿತು.

ಶುದ್ಧೀಕರಣಾಗಾರವೆಂಬ ಜೀವಲೋಕ

ಮೊದಲನೆಯ ಅನಾಹುತವನ್ನು ಅರಿಯಬೇಕಾದರೆ ಶುದ್ಧೀಕರಣಾಗಾರದಲ್ಲಿ ನಡೆಯುವುದೇನೆಂದು ತಿಳಿಯಬೇಕು. ಅದು ದೊಡ್ಡದೊಂದು ಜರಡಿಯೆಂದು ಹಲವರ ಭಾವನೆ. ಜರಡಿಯೂ ತಿಳಿಯಾಗಿಸುವ ತೊಟ್ಟಿಗಳೂ ಅಲ್ಲಿ ಉಂಟು, ನಿಜ. ಆದರೆ ಮುಖ್ಯವಾದ ಕೆಲಸವನ್ನು ಮಾಡುವವು ಕಣ್ಣಿಗೆ ಕಾಣದ ಜೀವಿಗಳು. ಗಾಳಿಯನ್ನು ಊದುತ್ತಿರುವ ತೊಟ್ಟಿಗಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ಕೊಳೆನೀರಿನಲ್ಲಿರುವ ಸಾವಯವ ಪದಾರ್ಥವನ್ನು ತಿಂದು, ಆಮ್ಲಜನಕವನ್ನು ಹೀರಿ, ಬೆಳೆದು, ಕೆಸರಾಗಿ ತಳಕ್ಕಿಳಿಯುತ್ತವೆ. ಆ ಕೆಸರಿನ ಒಂದು ಭಾಗವನ್ನು ಮೊಸರಿಗೆ ಹೆಪ್ಪು ಹಾಕುವಂತೆ ಮತ್ತೆ ಹೊಸ ಕೊಳೆನೀರಿಗೆ ಸೇರಿಸುತ್ತಾರೆ.

ಸಚೇತನ ಕೆಸರಿನ ಈ ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ೧೯೧೪ರಲ್ಲಿ ಪ್ರಕಟಿಸಿದರು. ಅವರಿಗೆ ಆ ಪ್ರಯೋಗಗಳ ದಾರಿಯನ್ನು ತೋರಿಸಿದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಜ್ಞರು ೧೯೧೬ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಇಂದು ಜಗತ್ತಿನ ನಗರಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನಗಳಲ್ಲಿ ಇದೊಂದು.

ಈ ಜೀವಿಗಳಿಗೆ ಮನೆಯ ಕೊಳೆನೀರು ಮೃಷ್ಟಾನ್ನ. ಅನ್ನದ ಗಂಜಿ, ಹಾಲು, ಸಾಬೂನು, ಮಲಮೂತ್ರ ಇವೆಲ್ಲವನ್ನೂ ಅವು ಅರಗಿಸಿಕೊಳ್ಳಬಲ್ಲವು. ಆದರೆ ಬಿಸಿ ಮಿತಿಮೀರಿದರೆ ಅವು ಉಳಿಯವು. ಆಮ್ಲ ಹೆಚ್ಚಾದರೆ ಸಾಯುತ್ತವೆ. ಸಯನೈಡು, ಕ್ರೋಮಿಯಂ ಮುಂತಾದ ವಿಷಗಳು ತಗುಲಿದರೆ ನೋಡುನೋಡುತ್ತಿರುವಂತೆಯೇ ನಾಶವಾಗುತ್ತವೆ. ಕಾರ್ಖಾನೆಯೊಂದು ಒಂದು ರಾತ್ರಿ ಮಾಡಿದ ತಪ್ಪಿನಿಂದ ಇಡೀ ಊರಿನ ಶುದ್ಧೀಕರಣ ವಾರಗಟ್ಟಲೆ ನಿಂತುಹೋಗಬಹುದು. ಏಕೆಂದರೆ ಸತ್ತ ಯಂತ್ರಕ್ಕೆ ಹೊಸ ಬಿಡಿಭಾಗವನ್ನು ಅಂಗಡಿಯಿಂದ ತರಬಹುದು. ಸತ್ತ ಜೀವಲೋಕ ಮಾತ್ರ ತಾನಾಗಿಯೇ ಮತ್ತೆ ಬೆಳೆಯಬೇಕು.

ನಾಶವಾಗದ ದ್ರವ್ಯ

ಸ್ಫೋಟ ಮತ್ತು ವಿಷ ಇವೆರಡೂ ಕಣ್ಣಿಗೆ ಕಾಣುವ ಆಪತ್ತುಗಳು. ಮೂರನೆಯದೊಂದು ಉಂಟು, ಅದು ಸದ್ದಿಲ್ಲದೆ ಬರುತ್ತದೆ. ಸಕ್ಕರೆಯನ್ನೋ ಗಂಜಿಯನ್ನೋ ಬ್ಯಾಕ್ಟೀರಿಯ ತಿಂದಾಗ ಅದು ಒಡೆದು ಇಂಗಾಲಾಮ್ಲ ವಾಯುವೂ ನೀರೂ ಆಗುತ್ತದೆ. ಆದರೆ ಕ್ರೋಮಿಯಂ, ಸೀಸ, ನಿಕ್ಕಲ್, ಪಾದರಸ ಇವು ಮೂಲಧಾತುಗಳು. ಇವನ್ನು ಒಡೆಯಲು ಯಾವ ಜೀವಿಯಿಂದಲೂ ಆಗದು. ಶುದ್ಧೀಕರಣಾಗಾರವನ್ನು ಹೊಕ್ಕ ಒಂದು ಗ್ರಾಮು ಕ್ರೋಮಿಯಂ ಅಲ್ಲಿಂದ ಒಂದು ಗ್ರಾಮಾಗಿಯೇ ಹೊರಬರಬೇಕು. ಅದಕ್ಕಿರುವುದು ಎರಡೇ ಬಾಗಿಲು: ನೀರಿನೊಡನೆ ಹೋದರೆ ನದಿ, ಕೆಸರಿನೊಡನೆ ಹೋದರೆ ಹೊಲ. ದ್ರವ್ಯ ನಾಶವಾಗದೆಂಬ ನಿಯಮವನ್ನು ನಾವು ಕಾಲೇಜಿನ ಮೊದಲ ತರಗತಿಗಳಲ್ಲಿ ಬೋಧಿಸುತ್ತೇವೆ. ಕೊಳೆನೀರಿನ ರಹದಾರಿಯ ತಿರುಳೆಲ್ಲ ಆ ನಿಯಮದಲ್ಲಿಯೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗದು. ಮುಂದೆ ಎಲ್ಲಿಯೂ ತೊಲಗಿಸಲಾಗದ ವಸ್ತುವನ್ನು ಹುಟ್ಟಿದೆಡೆಯಲ್ಲಿಯೇ, ಎಂದರೆ ಕಾರ್ಖಾನೆಯ ಬಾಗಿಲೊಳಗೇ, ತಡೆಯಬೇಕು.

ಎಷ್ಟನ್ನು ತಡೆಯಬೇಕು? ಇದನ್ನು ಒಂದು ಕಾಲ್ಪನಿಕ ಊರಿನ ಲೆಕ್ಕದಿಂದ ನೋಡೋಣ. ಆ ಊರಿನ ಶುದ್ಧೀಕರಣಾಗಾರಕ್ಕೆ ದಿನಕ್ಕೆ ೪ ಕೋಟಿ ಲೀಟರು ಕೊಳೆನೀರು ಬರುತ್ತದೆ. ಅಲ್ಲಿನ ಜೀವಿಗಳೂ ಕೆಸರೂ ನದಿಯೂ ತಾಳಬಲ್ಲ ಕ್ರೋಮಿಯಂ ಲೀಟರಿಗೆ ಅರ್ಧ ಮಿಲಿಗ್ರಾಮು ಎಂದು ಪರೀಕ್ಷೆಗಳಿಂದ ಗೊತ್ತಾಗಿದೆಯೆನ್ನಿ. ಹಾಗಾದರೆ ದಿನಕ್ಕೆ ಬರಬಹುದಾದ ಒಟ್ಟು ಕ್ರೋಮಿಯಂ ೨೦ ಕಿಲೋಗ್ರಾಮು. ಮನೆಗಳ ನೀರಿನಿಂದಲೇ ೨ ಕಿಲೋಗ್ರಾಮು ಬರುತ್ತದೆಂದು ಇಟ್ಟುಕೊಳ್ಳೋಣ. ಆಕಸ್ಮಿಕಗಳಿಗೂ ಮುಂದೆ ಬರುವ ಹೊಸ ಕಾರ್ಖಾನೆಗಳಿಗೂ ೪ ಕಿಲೋಗ್ರಾಮನ್ನು ಕಾದಿರಿಸೋಣ. ಉಳಿದದ್ದು ೧೪ ಕಿಲೋಗ್ರಾಮು. ಕ್ರೋಮಿಯಂ ಬಳಸುವ ಕಾರ್ಖಾನೆಗಳೆಲ್ಲ ಸೇರಿ ದಿನಕ್ಕೆ ೫೦ ಲಕ್ಷ ಲೀಟರು ನೀರನ್ನು ಬಿಡುವುದಾದರೆ, ಲೀಟರಿಗೆ ೨.೮ ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದು. ಆ ಊರಿನ ರಹದಾರಿಯಲ್ಲಿ ಬರೆಯಬೇಕಾದ ಅಂಕಿ ಅದೇ. ಅಧಿಕಾರಿಯ ಮನಸ್ಸಿಗೆ ತೋಚಿದುದಲ್ಲ. ಅವಿಭಕ್ತ ಕುಟುಂಬದ ಕಣಜದಲ್ಲಿರುವ ಧಾನ್ಯವನ್ನು ಪಾಲು ಮಾಡಿದಂತೆ ಲೆಕ್ಕಹಾಕಿ ಹಂಚಿದುದು.

ಈಗ ಈ ಊರಿನಲ್ಲಿ ಒಂದು ಸಣ್ಣ ವಿದ್ಯುಲ್ಲೇಪನದ ಕಾರ್ಖಾನೆಯಿದೆಯೆನ್ನೋಣ. ಸೈಕಲ್ಲಿನ ಹಿಡಿಗೂ ನಲ್ಲಿಯ ತಿರುಪಿಗೂ ಬೆಳ್ಳಿಯಂಥ ಹೊಳಪನ್ನು ಕೊಡುವ ಕೆಲಸ ಅಲ್ಲಿಯದು. ಅಲ್ಲಿನ ಲೇಪನದ ತೊಟ್ಟಿಯಲ್ಲಿ ಲೀಟರಿಗೆ ೨೫೦ ಗ್ರಾಮಿನಷ್ಟು ಕ್ರೋಮಿಕ್ ಆಮ್ಲವಿರುವುದು ವಾಡಿಕೆ. ಅದರಲ್ಲಿ ಕ್ರೋಮಿಯಂ ಭಾಗ ೧೩೦ ಗ್ರಾಮು. ಸಾವಿರ ಲೀಟರಿನ ಒಂದು ತೊಟ್ಟಿಯಲ್ಲಿ ೧೩೦ ಕಿಲೋಗ್ರಾಮು. ದ್ರಾವಣ ಕೆಟ್ಟಿತೆಂದು ಆಳೊಬ್ಬನು ಅದರ ತೂಬನ್ನು ಒಂದು ರಾತ್ರಿ ಕಿತ್ತನೆಂದರೆ, ಇಡೀ ಊರು ಆರೂವರೆ ದಿನಗಳಲ್ಲಿ ತಾಳಬಹುದಾದ ಕ್ರೋಮಿಯಂ ಒಂದೇ ಗಳಿಗೆಯಲ್ಲಿ ಚರಂಡಿಗೆ ಇಳಿಯಿತು.

ನೀರು ಬೆರೆಸಿ ತೆಳುಮಾಡಿ ಬಿಟ್ಟರಾಗದೆ? ಇದು ಕಾರ್ಖಾನೆಯವರಿಗೆ ಸುಲಭವಾಗಿ ಹೊಳೆಯುವ ಉಪಾಯ. ಆ ಸಾವಿರ ಲೀಟರನ್ನು ೨.೮ ಮಿಲಿಗ್ರಾಮಿನ ಮಟ್ಟಕ್ಕೆ ತೆಳುಮಾಡಲು ಸುಮಾರು ೪ ಕೋಟಿ ೬೪ ಲಕ್ಷ ಲೀಟರು ನೀರು ಬೇಕು. ಊರಿನ ಒಂದು ದಿನದ ಕೊಳೆನೀರೆಲ್ಲವೂ ಅದಕ್ಕೆ ಸಾಲದು! ಸಾಲಿತೆಂದೇ ಇಟ್ಟುಕೊಂಡರೂ ಕ್ರೋಮಿಯಂ ಒಂದು ಕಣವೂ ಕಡಮೆಯಾಗಿರುವುದಿಲ್ಲ. ಅದು ಹರಡಿಕೊಂಡಿರುತ್ತದೆ, ಅಷ್ಟೆ. ಆದಕಾರಣವೇ, ಶುದ್ಧಿಗೆ ಬದಲಾಗಿ ನೀರು ಬೆರೆಸುವುದನ್ನು ಅಮೆರಿಕದ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ.

ರಹದಾರಿಯ ಒಳಗೆ

ಅಮೆರಿಕದ ಸಂಸತ್ತು ೧೯೭೨ರಲ್ಲಿ ಜಲಮಾಲಿನ್ಯ ನಿಯಂತ್ರಣದ ಕಾನೂನನ್ನು ಬಿಗಿಗೊಳಿಸಿತು. ಚರಂಡಿಗೆ ಬಿಡುವ ಮುನ್ನ ಮಾಡಬೇಕಾದ ಪೂರ್ವಶುದ್ಧಿಗೆ ಸಂಬಂಧಿಸಿದ ಸಾಮಾನ್ಯ ನಿಯಮಗಳು ೧೯೭೮ರಲ್ಲಿ ಹೊರಟವು. ಅಲ್ಲಿಯ ವ್ಯವಸ್ಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಾರ್ಖಾನೆಗೆ ರಹದಾರಿ ಕೊಡುವ ಕೆಲಸ ಬಹುಮಟ್ಟಿಗೆ ದೂರದ ರಾಜಧಾನಿಯದಲ್ಲ. ಚರಂಡಿಯನ್ನು ನಡೆಸುವ ಸ್ಥಳೀಯ ಸಂಸ್ಥೆಯದು. ಅಂತಹ ಸುಮಾರು ೧,೬೦೦ ಸಂಸ್ಥೆಗಳು ಈ ಕಾರ್ಯವನ್ನು ನಡೆಸುತ್ತಿವೆ. ನದಿಗೆ ಬಿಡುವ ನೀರಿಗೆ ಆ ಸಂಸ್ಥೆಯೇ ಉತ್ತರವಾದಿಯಾದುದರಿಂದ, ತನ್ನ ಚರಂಡಿಗೆ ಏನು ಬರಬಹುದು, ಏನು ಬರಬಾರದು ಎಂದು ಹೇಳುವ ಅಧಿಕಾರವೂ ಅದಕ್ಕೆ ಇರಬೇಕಾದುದು ನ್ಯಾಯವೇ ಸರಿ.

ಎಲ್ಲರಿಗೂ ಅನ್ವಯಿಸುವ ಕೆಲವು ನಿಷೇಧಗಳು ಮೊದಲು ಬರುತ್ತವೆ. ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆ ಉಷ್ಣತೆಯಲ್ಲಿ ಹೊತ್ತಿಕೊಳ್ಳಬಲ್ಲ ದ್ರವವನ್ನು ಬಿಡಕೂಡದು; ಲೂಯಿವಿಲ್ಲಿನ ಪಾಠ ಇದರಲ್ಲಿದೆ. ಆಮ್ಲತೆಯನ್ನು ಅಳೆಯುವ ಪಿಎಚ್ ಅಂಕಿ ೫ಕ್ಕಿಂತ ಕೆಳಗಿಳಿಯಕೂಡದು. ಈ ಮಾಪಕದಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲದ ತೀಕ್ಷ್ಣತೆ ಹತ್ತುಪಟ್ಟು ಏರುತ್ತದೆ. ಎಂದರೆ ಪಿಎಚ್ ೨ರ ನೀರು ೫ರ ನೀರಿಗಿಂತ ಸಾವಿರಪಟ್ಟು ತೀಕ್ಷ್ಣ. ಕಾಂಕ್ರೀಟಿನ ಕೊಳವೆಯನ್ನು ಅದು ತಿಂದುಹಾಕುತ್ತದೆ. ಶುದ್ಧೀಕರಣಾಗಾರವನ್ನು ಸೇರುವ ನೀರಿನ ಉಷ್ಣತೆ ೪೦ ಡಿಗ್ರಿಯನ್ನು ಮೀರುವಂತೆ ಬಿಸಿನೀರನ್ನು ಬಿಡಕೂಡದು. ಕೊಳವೆಯನ್ನು ಕಟ್ಟಿಸುವ ಘನವಸ್ತುಗಳನ್ನೂ, ಕೆಲಸಗಾರರ ಉಸಿರಿಗೆ ಅಪಾಯ ತರುವ ಅನಿಲಗಳನ್ನು ಹುಟ್ಟಿಸುವ ಪದಾರ್ಥಗಳನ್ನೂ ಬಿಡಕೂಡದು.

ಈ ಸಾಮಾನ್ಯ ನಿಷೇಧಗಳ ಮೇಲೆ ಒಂದೊಂದು ಬಗೆಯ ಉದ್ಯಮಕ್ಕೆ ದೇಶಕ್ಕೆಲ್ಲ ಒಂದೇ ಆದ ಮಿತಿಗಳಿವೆ. ಲೋಹಗಳಿಗೆ ಮೆರುಗು ಕೊಡುವ ಕಾರ್ಖಾನೆಯ ನೀರಿನಲ್ಲಿ ಒಂದು ದಿನದ ಗರಿಷ್ಠ ಕ್ರೋಮಿಯಂ ಲೀಟರಿಗೆ ೨.೭೭ ಮಿಲಿಗ್ರಾಮು, ತಿಂಗಳ ಸರಾಸರಿ ೧.೭೧ ಮಿಲಿಗ್ರಾಮು. ನಾವು ಮೇಲೆ ಮಾಡಿದಂಥ ಸ್ಥಳೀಯ ಲೆಕ್ಕದಿಂದ ಬಂದ ಅಂಕಿ ಇದಕ್ಕಿಂತ ಬಿಗಿಯಾಗಿದ್ದರೆ ಆ ಬಿಗಿಯಾದುದೇ ಅನ್ವಯಿಸುತ್ತದೆ.

ರಹದಾರಿಯ ಅವಧಿ ಐದು ವರ್ಷಗಳಿಗೆ ಮೀರದು. ಕಾರ್ಖಾನೆಯ ಒಡೆತನ ಬದಲಾದರೆ ಅದು ತಾನಾಗಿ ಹೊಸ ಒಡೆಯನಿಗೆ ಹೋಗದು. ದೊಡ್ಡ ಕಾರ್ಖಾನೆಯು ತನ್ನ ನೀರನ್ನು ತಾನೇ ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಿ ವರದಿ ಕೊಡಬೇಕು. ಚರಂಡಿಯ ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಬಂದು ಮಾದರಿ ತೆಗೆಯಬೇಕು. ಮಿತಿ ಮೀರಿದುದು ತಿಳಿದರೆ ೨೪ ಗಂಟೆಗಳೊಳಗೆ ಕಾರ್ಖಾನೆಯೇ ಅದನ್ನು ತಿಳಿಸಬೇಕು. ೩೦ ದಿನಗಳೊಳಗೆ ಮರುಪರೀಕ್ಷೆಯ ಫಲವನ್ನು ಒಪ್ಪಿಸಬೇಕು. ಗಂಭೀರವಾಗಿ ತಪ್ಪಿ ನಡೆದ ಕಾರ್ಖಾನೆಗಳ ಹೆಸರುಗಳನ್ನು ವರ್ಷಕ್ಕೊಮ್ಮೆ ವೃತ್ತಪತ್ರಿಕೆಯಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಉಂಟು. ದಂಡಕ್ಕೆ ಅಂಜದವರೂ ನೆರೆಹೊರೆಯವರ ಮಾತಿಗೆ ಅಂಜುವರೆಂಬುದನ್ನು ಕಾನೂನು ಮಾಡಿದವರು ಬಲ್ಲರು.

ಕಾರ್ಖಾನೆಯೊಳಗಿನ ರಸಾಯನ

ರಹದಾರಿಯು ಕೇಳುವುದು ಅಸಾಧ್ಯವಾದುದನ್ನಲ್ಲ. ಕ್ರೋಮಿಯಮ್ಮಿನ ಉದಾಹರಣೆಯನ್ನೇ ಮುಂದುವರಿಸೋಣ. ಲೇಪನದ ತೊಟ್ಟಿಯಲ್ಲಿರುವ ಕ್ರೋಮಿಯಂ ಹಳದಿ–ಕಿತ್ತಳೆ ಬಣ್ಣದ್ದು, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಬಹಳ ವಿಷಯುಕ್ತವಾದುದು. ಅದಕ್ಕೆ ಆಮ್ಲ ಸೇರಿಸಿ ಪಿಎಚ್ಚನ್ನು ೨–೩ಕ್ಕೆ ಇಳಿಸಿ ಸೋಡಿಯಂ ಬೈಸಲ್ಫೈಟನ್ನು ಹಾಕಿದರೆ ಹಳದಿ ಬಣ್ಣ ಹೋಗಿ ಹಸಿರು ಮೂಡುತ್ತದೆ. ಕ್ರೋಮಿಯಂ ತನ್ನ ವಿಷಸ್ವರೂಪವನ್ನು ಬಹುಮಟ್ಟಿಗೆ ತೊರೆದು ಬೇರೊಂದು ರೂಪಕ್ಕೆ ಇಳಿದುದರ ಗುರುತು ಅದು. ಆಮೇಲೆ ಸುಣ್ಣವನ್ನು ಬೆರೆಸಿ ಪಿಎಚ್ಚನ್ನು ೮–೯ಕ್ಕೆ ಏರಿಸಿದರೆ ಕ್ರೋಮಿಯಂ ಹಸಿರು ಮಡ್ಡಿಯಾಗಿ ತಳಕ್ಕಿಳಿಯುತ್ತದೆ. ಮಡ್ಡಿಯನ್ನು ಹಿಂಡಿ, ಒಣಗಿಸಿ, ಅಪಾಯಕರ ತ್ಯಾಜ್ಯಕ್ಕಾಗಿಯೇ ಗೊತ್ತುಮಾಡಿದ ಸ್ಥಳಕ್ಕೆ ಸಾಗಿಸಬೇಕು. ತಿಳಿನೀರನ್ನು ಪರೀಕ್ಷಿಸಿ ಚರಂಡಿಗೆ ಬಿಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಯನೈಡಿನ ನೀರನ್ನು ಕ್ಷಾರದಲ್ಲಿಯೇ ಇಟ್ಟು ಕ್ಲೋರಿನ್ನಿನಿಂದ ಒಡೆಯುತ್ತಾರೆ. ಅದಕ್ಕೆ ಆಮ್ಲ ತಗುಲಿದರೆ ಪ್ರಾಣಾಂತಿಕವಾದ ಅನಿಲ ಏಳುತ್ತದೆ. ಒಂದು ಕಾರ್ಖಾನೆಯ ಆಮ್ಲವೂ ಇನ್ನೊಂದರ ಸಯನೈಡೂ ಬೇರೆ ಬೇರೆಯಾಗಿದ್ದಾಗ ಅವುಗಳನ್ನು ಎಚ್ಚರದಿಂದ ನಿಭಾಯಿಸಬಹುದು. ಬೀದಿಯ ಕೆಳಗೆ ಅವೆರಡೂ ಸಂಧಿಸಿದರೆ ನಿಭಾಯಿಸುವವರು ಯಾರೂ ಇಲ್ಲ. ಆದುದರಿಂದಲೇ ಪ್ರತಿಯೊಂದು ಕಾರ್ಖಾನೆಯೂ ತಾನು ಬಿಡುವುದೇನೆಂದು ಮುಂಚಿತವಾಗಿ ಬರೆದುಕೊಡಬೇಕು. ೨೦೨೨ರ ಜನವರಿ ೬ರಂದು ಗುಜರಾತಿನ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯವನ್ನು ಚರಂಡಿಗೆ ಸುರಿದಾಗ ಎದ್ದ ವಿಷಾನಿಲಕ್ಕೆ ಆರು ಮಂದಿ ಕೆಲಸಗಾರರು ಬಲಿಯಾದರು. ರಹದಾರಿಯಿಲ್ಲದೆ ಚರಂಡಿಯನ್ನು ಹೊಕ್ಕ ದ್ರವದ ಬೆಲೆ ಅದು.

ಪೂರ್ವಶುದ್ಧಿಯೆಂದರೆ ಬರಿಯ ವೆಚ್ಚವೆಂದು ತಿಳಿಯಬೇಕಾಗಿಲ್ಲ. ಲೇಪನವಾದ ವಸ್ತುವನ್ನು ತೊಳೆಯುವ ಕ್ರಮವನ್ನು ನೋಡಿ. ತೊಟ್ಟಿಯಿಂದ ಮೇಲೆತ್ತಿದ ವಸ್ತುಗಳಿಗೆ ಅಂಟಿಕೊಂಡು ಗಂಟೆಗೆ ಒಂದು ಲೀಟರು ದ್ರಾವಣ ಹೊರಬರುತ್ತದೆಯೆನ್ನಿ. ಅದು ಸಾವಿರಪಟ್ಟು ತೆಳುವಾಗುವಂತೆ ಒಂದೇ ತೊಟ್ಟಿಯಲ್ಲಿ ತೊಳೆಯಲು ಗಂಟೆಗೆ ಸುಮಾರು ೧,೦೦೦ ಲೀಟರು ನೀರು ಬೇಕು. ಎರಡು ತೊಟ್ಟಿಗಳನ್ನಿಟ್ಟು, ವಸ್ತುವು ಮುಂದೆ ಸಾಗಿದಂತೆ ನೀರು ಹಿಂದಕ್ಕೆ ಹರಿಯುವಂತೆ ಮಾಡಿದರೆ, ಸಾವಿರದ ವರ್ಗಮೂಲದಷ್ಟು, ಎಂದರೆ ಸುಮಾರು ೩೨ ಲೀಟರು ಸಾಕು! ಮೂರು ತೊಟ್ಟಿಗಳಾದರೆ ಸಾವಿರದ ಘನಮೂಲ, ಸುಮಾರು ೧೦ ಲೀಟರು. ಅಷ್ಟು ಕಡಮೆ ನೀರಿನಲ್ಲಿ ಗಟ್ಟಿಯಾಗಿ ಉಳಿದ ಕ್ರೋಮಿಯಮ್ಮನ್ನು ಲೇಪನದ ತೊಟ್ಟಿಗೇ ಮರಳಿಸಬಹುದು. ಚರಂಡಿಗೆ ಹೋಗುತ್ತಿದ್ದ ವಿಷ ಕಾರ್ಖಾನೆಯವನ ಬಂಡವಾಳವೇ ಆಗಿತ್ತೆಂಬುದು ಆಗ ಅರಿವಾಗುತ್ತದೆ. ಆದರೆ ಲೀಟರಿಗೆ ಇಷ್ಟು ಮಿಲಿಗ್ರಾಮು ಎಂದು ಮಾತ್ರ ಅಳೆಯುವ ರಹದಾರಿಯು ನೀರನ್ನು ಉಳಿಸಿದವನನ್ನೇ ತಪ್ಪಿತಸ್ಥನನ್ನಾಗಿ ಮಾಡಬಹುದು. ಅವನ ನೀರು ಕಡಮೆ, ಆದಕಾರಣ ಗಟ್ಟಿ. ದಿನಕ್ಕೆ ಒಟ್ಟು ಇಷ್ಟು ಗ್ರಾಮು ಎಂದು ಬರೆದ ರಹದಾರಿಯೇ ಇಂಥವನಿಗೆ ನ್ಯಾಯವಾದುದು. ಅಮೆರಿಕದ ನಿಯಮಗಳಲ್ಲಿ ೨೦೦೫ರಿಂದ ಇದಕ್ಕೆ ಅವಕಾಶವಿದೆ.

ನಮ್ಮ ನಾಡಿನ ಮಾತು

ಭಾರತದಲ್ಲಿ ಈ ರಹದಾರಿಗೆ ಸಮ್ಮತಿಪತ್ರವೆಂದು ಹೆಸರು. ೧೯೭೪ರ ಜಲಮಾಲಿನ್ಯ ಕಾನೂನಿನ ಪ್ರಕಾರ ಹೊಳೆಗೆ, ಬಾವಿಗೆ, ನೆಲಕ್ಕೆ ಬಿಡುವ ಕಾರ್ಖಾನೆಯ ನೀರಿಗೆ ಮಾತ್ರವಲ್ಲದೆ ಚರಂಡಿಗೆ ಬಿಡುವ ನೀರಿಗೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯ ಸಮ್ಮತಿ ಬೇಕು. ನಮ್ಮ ರಾಜ್ಯದ ಮಂಡಲಿ ಸ್ಥಾಪಿತವಾದುದೂ ಅದೇ ವರ್ಷ. ಅಮೆರಿಕದಲ್ಲಿ ಚರಂಡಿಯ ಒಡೆಯನೇ ರಹದಾರಿಯನ್ನೂ ಕೊಟ್ಟರೆ, ಇಲ್ಲಿ ಚರಂಡಿ ಒಬ್ಬರದು, ಸಮ್ಮತಿ ಕೊಡುವವರು ಮತ್ತೊಬ್ಬರು. ಇಬ್ಬರ ಲೆಕ್ಕಗಳೂ ಕೂಡಿಬರಬೇಕಾದುದು ಆದಕಾರಣ ಹೆಚ್ಚು ಅವಶ್ಯ.

ನಮ್ಮ ದೇಶದ ಸಾಮಾನ್ಯ ಮಾನದಂಡಗಳ ಪಟ್ಟಿಯನ್ನು ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕೊಳೆಯನ್ನು ಅರಗಿಸಲು ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬುದು ಸಾವಯವ ಮಾಲಿನ್ಯದ ಅಳತೆ. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ ೩೦ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದು. ಚರಂಡಿಗೆ ಬಿಡುವ ನೀರಿನಲ್ಲಿ ೩೫೦ರವರೆಗೆ ಇರಬಹುದು. ತೇಲುವ ಕಣಗಳಿಗೆ ಹೊಳೆಯಲ್ಲಿ ೧೦೦, ಚರಂಡಿಯಲ್ಲಿ ೬೦೦. ಆದರೆ ಪಾದರಸಕ್ಕೆ ಎರಡೆಡೆಯಲ್ಲಿಯೂ ೦.೦೧; ತಾಮ್ರಕ್ಕೆ ಎರಡೆಡೆಯಲ್ಲಿಯೂ ೩; ಒಟ್ಟು ಕ್ರೋಮಿಯಮ್ಮಿಗೆ ಎರಡೆಡೆಯಲ್ಲಿಯೂ ೨. ಎಲ್ಲ ಲೋಹಗಳಿಗೂ ಹೀಗೆಯೇ ಎಂದಲ್ಲ. ಆದರೆ ಮುಖ್ಯ ತತ್ವ ಸ್ಪಷ್ಟ. ಜೀವಿಗಳು ತಿನ್ನಬಲ್ಲುದರ ವಿಷಯದಲ್ಲಿ ಔದಾರ್ಯ ತೋರಬಹುದು; ತಿನ್ನಲಾರದುದರ ವಿಷಯದಲ್ಲಿ ಔದಾರ್ಯಕ್ಕೆ ಅರ್ಥವಿಲ್ಲ.

ಈ ಔದಾರ್ಯಕ್ಕೂ ಒಂದು ಷರತ್ತುಂಟು. ೩೫೦ಕ್ಕೆ ಒಪ್ಪಿದುದು ಚರಂಡಿಯ ತುದಿಯಲ್ಲಿ ಶುದ್ಧೀಕರಣಾಗಾರವೊಂದು ಇದೆ, ಅದು ನಡೆಯುತ್ತಿದೆ ಎಂಬ ನಂಬಿಕೆಯಿಂದ. ಚರಂಡಿ ನಡುದಾರಿಯಲ್ಲಿ ಒಡೆದು ಹಳ್ಳಕ್ಕೆ ಹರಿದರೆ, ಚರಂಡಿಗೆಂದು ಕೊಟ್ಟ ರಹದಾರಿ ಹೊಳೆಯನ್ನು ಕೆಡಿಸುವ ರಹದಾರಿಯಾಗುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳೆಯನ್ನು ಹೊತ್ತ ವೃಷಭಾವತಿಯು ಭೈರಮಂಗಲದ ಕಡೆಗೆ ಹರಿದು ಅರ್ಕಾವತಿಯನ್ನೂ ಆ ಮೂಲಕ ಕಾವೇರಿಯನ್ನೂ ಸೇರುತ್ತದೆ. ಅದರ ದಡದ ರೈತರು ದಶಕಗಳಿಂದ ಆ ನೀರಿನಲ್ಲಿಯೇ ಬೇಸಾಯ ಮಾಡಿದ್ದಾರೆ. ಹರಿದು ಬಂದುದು ಗೊಬ್ಬರವೋ ಲೋಹವೋ ಎಂಬುದು ಅವರ ಕಣ್ಣಿಗೆ ಕಾಣುವಂತಹುದಲ್ಲ.

ಇನ್ನೊಂದು ದೃಷ್ಟಾಂತ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ, ಪಂಪುಗಳಿಂದ ಮೇಲೆತ್ತಿ, ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಅಂತರ್ಜಲವನ್ನು ಮೇಲಕ್ಕೆ ತರುವುದು ಅದರ ಉದ್ದೇಶ. ಮಳೆ ಕಾಣದ ಸೀಮೆಗೆ ಇದು ದೊಡ್ಡ ಆಸರೆ. ಆದರೆ ಇದರಿಂದ ನಗರದ ಚರಂಡಿಗೂ ಹಳ್ಳಿಯ ಬಾವಿಗೂ ನೇರವಾದ ಸಂಬಂಧ ಬೆಳೆಯಿತು. ಒಂದು ಕಾಲಕ್ಕೆ ಕೊಳೆನೀರು ತೊಲಗಿಸಬೇಕಾದ ವಸ್ತುವಾಗಿತ್ತು. ಈಗ ಅದೇ ನಾಳೆಯ ನೀರು. ಬ್ಯಾಕ್ಟೀರಿಯ ಅರಗಿಸದ ಲೋಹ ನಗರದ ಒಂದು ಗಲ್ಲಿಯಲ್ಲಿ ತೂಬಿಗೆ ಇಳಿದರೆ, ಅದರ ಲೆಕ್ಕವನ್ನು ಎಲ್ಲಿಯೋ ದೂರದ ಹೊಲದಲ್ಲಿ ಯಾರೋ ತೀರಿಸಬೇಕಾಗುತ್ತದೆ.

ಸಣ್ಣ ಕಾರ್ಖಾನೆಗಳ ಕಷ್ಟವನ್ನೂ ಮರೆಯುವಂತಿಲ್ಲ. ಹತ್ತು ಮಂದಿ ಕೆಲಸ ಮಾಡುವ ಲೇಪನದ ಅಂಗಡಿಯವನು ರಸಾಯನಜ್ಞನನ್ನು ಸಂಬಳಕ್ಕೆ ಇಟ್ಟುಕೊಳ್ಳಲಾರ. ಅಂಥವರು ಕೂಡಿ ಸಾಮೂಹಿಕ ಶುದ್ಧೀಕರಣಾಗಾರವನ್ನು ನಡೆಸುವ ಏರ್ಪಾಡು ನಮ್ಮ ದೇಶದ ಹಲವು ಕೈಗಾರಿಕಾ ಪ್ರದೇಶಗಳಲ್ಲಿದೆ. ಅಲ್ಲಿಯೂ ಆಮ್ಲವನ್ನೂ ಸಯನೈಡನ್ನೂ ಬೇರೆ ಬೇರೆಯಾಗಿ ಸಾಗಿಸಬೇಕು. ತಂದ ನೀರಿನ ಅಳತೆಯನ್ನೂ ಗುಣವನ್ನೂ ಬರೆದಿಡಬೇಕು. ಅಳತೆಯಿಲ್ಲದ ರಹದಾರಿ ಗೋಡೆಗೆ ತೂಗುಹಾಕಿದ ಚಿತ್ರಪಟವಷ್ಟೆ. ಮಾದರಿ ತೆಗೆಯುವ ಸೀಸೆಯೇ ಅದಕ್ಕೆ ಪ್ರಾಣ.

ವೃತ್ತಪತ್ರಿಕೆಯಲ್ಲಿ ಯಾವುದೋ ಕಾರ್ಖಾನೆಯ ಸಮ್ಮತಿಪತ್ರದ ಸುದ್ದಿಯನ್ನು ಓದಿದಾಗ ಅದು ಅಧಿಕಾರಿಗೂ ಮಾಲೀಕನಿಗೂ ಸಂಬಂಧಿಸಿದ ವ್ಯವಹಾರವೆಂದು ನಾವು ಪುಟ ತಿರುವುವುದುಂಟು. ಆ ಪತ್ರದಲ್ಲಿ ಹೆಸರಿಲ್ಲದ ಮೂರನೆಯ ಪಕ್ಷದವರೂ ಇದ್ದಾರೆ: ಚರಂಡಿಯ ಮೇಲಿನ ಬೀದಿಯಲ್ಲಿ ನಡೆಯುವವರು, ಶುದ್ಧೀಕರಣಾಗಾರದಲ್ಲಿ ದುಡಿಯುವವರು, ಕೆಳಗಿನ ಊರಿನಲ್ಲಿ ಹೊಲಕ್ಕೆ ನೀರು ಕಟ್ಟುವವರು. ದ್ರವ್ಯ ನಾಶವಾಗದೆಂಬ ನಿಯಮಕ್ಕೆ ಸಮ್ಮತಿ ಬೇಕಾಗಿಲ್ಲ. ಅದು ತನ್ನ ಲೆಕ್ಕವನ್ನು ಹಗಲಿರುಳೂ ಇಡುತ್ತಲೇ ಇರುತ್ತದೆ. ಆ ಲೆಕ್ಕವನ್ನು ಕಾರ್ಖಾನೆಯ ಬಾಗಿಲಲ್ಲಿಯೇ ಇಡುವೆವೋ, ಭೈರಮಂಗಲದ ಹೊಲದಲ್ಲಿ ಇಡುವೆವೋ ಎಂಬುದನ್ನು ಮಾತ್ರ ನಾವು ಆರಿಸಿಕೊಳ್ಳಬಹುದು.